ಹುಟ್ಟಿದ ಮೇಲೆ ಆಫ್ ಆಗುವ ಜೀನ್

ಪ್ರಶ್ನೆ: ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಹುಟ್ಟಿನಿಂದಲೇ ಬರುತ್ತದೆ ಅಂತಾರೆ. ಆದರೂ ಎಳೆಗೂಸಿಗೆ ಮೊದಲ ಕೆಲವು ತಿಂಗಳು ಏನೂ ಆಗಲ್ಲ, ಯಾಕೆ?

ಉತ್ತರ: ಹೊಟ್ಟೆಯಲ್ಲಿದ್ದಾಗ ಮಗುವಿನ ಹಿಮೋಗ್ಲೋಬಿನ್ನೇ ಬೇರೆ, ಅದರ ಜೀನ್‌ನಲ್ಲಿ ದೋಷವಿಲ್ಲ. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಪ್ರೋಟೀನ್ ಆ ಜೀನ್ ಪಕ್ಕದ ಡಿಎನ್‌ಎ ಮೇಲೆ ಕೂತು ಮೆಲ್ಲಗೆ ಅದನ್ನು ಆಫ್ ಮಾಡುತ್ತದೆ (ಎಲ್ಲರಲ್ಲೂ ಇದೇ ಕತೆ), ದೊಡ್ಡವರ ಹಿಮೋಗ್ಲೋಬಿನ್ ಶುರುವಾಗುತ್ತದೆ, ದೋಷ ಇರುವುದು ಅದರಲ್ಲಿ. ಜೀನ್‌ಗಳನ್ನು ಹೀಗೆ ಆನ್, ಆಫ್ ಮಾಡುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು.

2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆ ಕೆಟ್ಟ ಜೀನನ್ನು ಮುಟ್ಟುವುದೇ ಇಲ್ಲ! ರೋಗಿಯ ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶ ತೆಗೆದು, ಅದರಲ್ಲಿ ಬಿಸಿಎಲ್11ಎ ತಯಾರಿಯನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಕುಗ್ಗಿಸಿ ವಾಪಸ್ ಹಾಕುತ್ತಾರೆ. ಮಗುವಿನ ಹಿಮೋಗ್ಲೋಬಿನ್ ಮತ್ತೆ ಬರುತ್ತದೆ. ಜಾಣತನ, ಅಲ್ವಾ? ಆದರೆ ವಾಪಸ್ ಹಾಕುವ ಮೊದಲು ಹಳೆಯ ಕಾಂಡಕೋಶಗಳನ್ನು ತೆರವು ಮಾಡಲು ಜೋರು ಕೀಮೋ ತಡೆದುಕೊಳ್ಳಬೇಕು, ಅಮೆರಿಕದಲ್ಲಿ ಬೆಲೆಯೂ 22 ಲಕ್ಷ ಡಾಲರ್.