ತಿಮ್ಮಯ್ಯನವರು ಯೋಚಿಸುತ್ತಾ ನಿಂತ ಜಾಗಗಳು

ಆತ್ಮೀಯರೇ,

ಜನರಲ್ ಕೆ.ಎಸ್. ತಿಮ್ಮಯ್ಯನವರ ಬಗ್ಗೆ ನೀವು ಕಳುಹಿಸಿದ ‘ಸಿಡಿಲಿನ ಸೇನಾನಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಆರನೆಯ ಪುಟದ ಈ ಒಂದು ವಾಕ್ಯ: “ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜಿನಲ್ಲಿ, ತಮ್ಮ ತಿಮ್ಮಯ್ಯ ಬ್ರಿಟಿಷರ ಸೈನ್ಯದಲ್ಲಿ, ಮನೆಯವರು ಯಾರ ಗೆಲುವಿಗೆ ಹರಕೆ ಹೊತ್ತಿರಬೇಕು?” ಈ ಪ್ರಶ್ನೆ ಕೇಳಬಲ್ಲವರು ಒಳ್ಳೆಯ ಜೀವನಚಿತ್ರ ಬರೆಯಬಲ್ಲರು. ಆದರೆ ಮುಂದಿನ ಸಾಲಿನಲ್ಲೇ ಪ್ರಶ್ನೆಯನ್ನು ಕೈಬಿಟ್ಟು ಪದಕಗಳ ಪಟ್ಟಿಗೆ ಹೋಗಿದ್ದೀರಿ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ತಿಮ್ಮಯ್ಯನವರನ್ನು ಮೂರು ಕಡೆ ‘ಫೀಲ್ಡ್ ಮಾರ್ಷಲ್’ ಎಂದಿದ್ದೀರಿ. ಆ ಗೌರವ ಸಂದದ್ದು ಕೆ.ಎಂ. ಕಾರ್ಯಪ್ಪನವರಿಗೆ. ಇಬ್ಬರೂ ಕೊಡಗಿನವರು, ಇಬ್ಬರೂ ಸೈನ್ಯದ ಅತ್ಯುನ್ನತ ಹುದ್ದೆಗೇರಿದವರು ಎಂಬ ಕಾರಣಕ್ಕೆ ಬಹಳ ಜನ ಹೀಗೆ ಕಲಸಿಬಿಡುತ್ತಾರೆ. ಅವರ ಬಗ್ಗೆಯೇ ಬರೆಯುವವರು ಕಲಸಬಾರದು. ಎರಡನೆಯದು ಇನ್ನೂ ದೊಡ್ಡ ತಪ್ಪು. 1962ರ ಚೀನಾ ಯುದ್ಧದಲ್ಲಿ ಅವರು ಸೈನ್ಯವನ್ನು ಮುನ್ನಡೆಸಿದರು ಎಂದು ಬರೆದಿದ್ದೀರಿ. ಅವರು 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾಗಿ, 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಯುದ್ಧ ನಡೆಯುವಾಗ ಅವರು ಸೈನ್ಯದಲ್ಲೇ ಇರಲಿಲ್ಲ. ಅವರ ಬದುಕಿನ ದೊಡ್ಡ ನೋವುಗಳಲ್ಲಿ ಒಂದು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ನಿಮ್ಮ ಒಂದು ತಪ್ಪು ವಾಕ್ಯ ಅದನ್ನು ಅಳಿಸಿಹಾಕಿದೆ.

ಇನ್ನು ಬರವಣಿಗೆಯ ಮಾತು. ಹನ್ನೆರಡು ಪುಟಗಳಲ್ಲಿ ‘ಎಂಟೆದೆಯ ಭಂಟ’ ಐದು ಸಲ, ‘ಕೆಚ್ಚೆದೆ’ ಒಂಬತ್ತು ಸಲ ಬಂದಿದೆ. ಕೊಡಗನ್ನು ‘ವೀರಭೂಮಿ’ ಎಂದು ಕರೆದು ಮುಂದೆ ಸಾಗಿದ್ದೀರಿ. ಗಂಡುಮಗು ಹುಟ್ಟಿದಾಗ ಆಕಾಶಕ್ಕೆ ಗುಂಡು ಹಾರಿಸುವುದು, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಮಗುವಿನ ಕೈಗೆ ತಾಗಿಸುವುದು ಕೊಡವರ ಹಳೆಯ ಪದ್ಧತಿ. ಇದನ್ನು ಎರಡು ಸಾಲಿನಲ್ಲಿ ಹೇಳಿದ್ದರೆ ಆ ವಿಶೇಷಣದ ಅಗತ್ಯವೇ ಬೀಳುತ್ತಿರಲಿಲ್ಲ. 1906ರಲ್ಲಿ ಮಡಿಕೇರಿಯಲ್ಲಿ, ಕೊಡಂದೇರ ಕುಟುಂಬದಲ್ಲಿ ಹುಟ್ಟಿದ ಆ ಹುಡುಗ ಓದುಗರ ಕಣ್ಣಿಗೆ ಕಾಣಬೇಕು.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ನಿಮ್ಮ ಲೇಖನದಲ್ಲಿ ತಿಮ್ಮಯ್ಯನವರು ಒಮ್ಮೆಯೂ ಯೋಚಿಸುವುದಿಲ್ಲ. ಬಡ್ತಿ ಬರುತ್ತದೆ, ಯುದ್ಧ ಬರುತ್ತದೆ, ಗೆಲುವು ಬರುತ್ತದೆ, ಮತ್ತೆ ಬಡ್ತಿ. ಆ ಬದುಕಿನ ತುಂಬ ಇದ್ದದ್ದು ಇಕ್ಕಟ್ಟುಗಳು. 1926ರಲ್ಲಿ ಬ್ರಿಟನ್ನಿನ ಸೇನಾ ಅಕಾಡೆಮಿ ಸ್ಯಾಂಡ್‌ಹರ್ಸ್ಟ್‌ನಿಂದ ಹೊರಬಂದ ಅವರು ಮುಂದೆ 19ನೆಯ ಹೈದರಾಬಾದ್ ರೆಜಿಮೆಂಟಿನ 4ನೆಯ ಬೆಟಾಲಿಯನ್ ಸೇರಿದರು. ಭಾರತೀಯ ಅಧಿಕಾರಿಗಳಿಗೆಂದು ಬ್ರಿಟಿಷರು ಗುರುತುಮಾಡಿದ್ದ ಎಂಟು ತುಕಡಿಗಳಲ್ಲಿ ಅದೂ ಒಂದು. ಬಿಳಿಯರು ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಮೇಯ ಬರಬಾರದು ಎಂಬುದೇ ಆ ಏರ್ಪಾಡಿನ ಒಳಮರ್ಮ. ಅಲಹಾಬಾದಿನಲ್ಲಿದ್ದಾಗ, ಹೊರಗೆ ಸ್ವಾತಂತ್ರ್ಯದ ಚಳವಳಿ ಕಾವೇರಿರುವಾಗ, ಈ ಸಮವಸ್ತ್ರವನ್ನು ಕಳಚಬೇಕೇ ಎಂಬ ಪ್ರಶ್ನೆ ಅವರನ್ನು ಕಾಡಿತು. ನಾಳೆಯ ಸ್ವತಂತ್ರ ದೇಶಕ್ಕೆ ತರಬೇತಾದ ಸೇನಾಧಿಕಾರಿಗಳು ಬೇಕಾಗುತ್ತಾರೆ, ಸೈನ್ಯದಲ್ಲೇ ಇರು ಎಂಬ ಅರ್ಥದ ಸಲಹೆ ಕೊಟ್ಟವರು ಮೋತಿಲಾಲ್ ನೆಹರೂ. ಇದೆಲ್ಲ ನಿಮ್ಮ ಲೇಖನದಲ್ಲಿ ಇಲ್ಲ. ಯುದ್ಧಭೂಮಿಯಲ್ಲಿ ಕಾಲಾಳು ಬ್ರಿಗೇಡ್ ಒಂದನ್ನು ಮುನ್ನಡೆಸಿದ ಮೊದಲ ಭಾರತೀಯ ಅವರು ಎಂಬುದನ್ನು ಒಂದು ಅರ್ಧವಿರಾಮದ ನಡುವೆ ತುರುಕಿದ್ದೀರಿ. ಆ ಎಂಟು ತುಕಡಿಗಳ ಕಥೆ ಮೊದಲು ಬಂದರೆ ಈ ಮಾತಿನ ತೂಕ ಓದುಗರಿಗೆ ತಾನಾಗಿ ತಿಳಿಯುತ್ತದೆ.

1948ರ ಕಾಶ್ಮೀರ ಯುದ್ಧದ ಜೋಜಿಲಾ ಪ್ರಸಂಗಕ್ಕೆ ಮೂರು ಪುಟ ಕೊಟ್ಟಿದ್ದೀರಿ, ಸರಿಯೇ. ಆದರೆ ಎರಡು ಪುಟಗಳಲ್ಲಿ ತಿಮ್ಮಯ್ಯನವರು ಸೈನಿಕರಿಗೆ ಭಾಷಣ ಮಾಡುತ್ತಾರೆ. ಆ ಭಾಷಣ ನಿಮ್ಮದು, ಅವರದಲ್ಲ. ನಿಜವಾಗಿ ಬದುಕಿದ ಮನುಷ್ಯರ ಬಾಯಿಗೆ ನಾವು ಮಾತು ತುಂಬಬಾರದು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ನಡೆದದ್ದೇ ಸಾಕಷ್ಟು ರೋಚಕವಾಗಿದೆ. 1948ರ ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಸಲ ಡಕೋಟಾ ವಿಮಾನ ಇಳಿಸಿದಾಗ ಅದರೊಳಗೆ ತಿಮ್ಮಯ್ಯನವರೂ ಇದ್ದರು. ಲೇಹ್‌ಗೆ ನೆಲದ ಹಾದಿ ತೆರೆಯಬೇಕಾದರೆ ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೋಜಿಲಾ ಕಣಿವೆ ಕೈವಶವಾಗಬೇಕಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ವಿಫಲವಾಯಿತು. ಮತ್ತೆ ಅದೇ ಹಾದಿಯಲ್ಲಿ ಜನರನ್ನು ಸಾಯಲು ಕಳುಹಿಸುವುದೇ? 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಆ ಎತ್ತರಕ್ಕೆ ಏರಿಸುವ ತೀರ್ಮಾನ ಆಗಿದ್ದು ಆಗ. ಮೇಲಿನ ಫಿರಂಗಿ ಗೋಪುರಗಳನ್ನು ಕಳಚಿ, ಗುಟ್ಟಾಗಿ, ಟ್ಯಾಂಕುಗಳನ್ನು ಬಾಲ್ತಾಲ್‌ವರೆಗೆ ಸಾಗಿಸಿದರು. ಅಲ್ಲಿಂದ ಮೇಲೆ ಇದ್ದದ್ದು ಹೇಸರಗತ್ತೆಗಳ ಕಿರುದಾರಿ. ಅದನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇಂದಿಗೂ ಬೆಂಗಳೂರಿನ ಹಲಸೂರು ಕೆರೆಯ ಬಳಿ ಇದೆ, ನೀವು ವಾಸಿಸುವ ಊರಿನಲ್ಲೇ. ಅವರಿಗೆ ನಿಮ್ಮ ಲೇಖನದಲ್ಲಿ ಒಂದು ಪದವೂ ಸಿಕ್ಕಿಲ್ಲ. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಯನ್ನು ಹೊಕ್ಕಾಗ ಮೇಜರ್ ಜನರಲ್ ಹುದ್ದೆಯ ತಿಮ್ಮಯ್ಯ ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ಆ ಕಿರಿದಾದ ದಾರಿಯಲ್ಲಿ ಒಂದು ಟ್ಯಾಂಕು ಕೆಟ್ಟು ನಿಂತಿದ್ದರೂ ಹಿಂದಿನದೆಲ್ಲ ನಿಲ್ಲುತ್ತಿತ್ತು. ಅದು ತಿಳಿದೂ ಅವರು ಮುಂದೆ ಹೋಗಿ ಕುಳಿತರು. ಇಲ್ಲಿ ಭಾಷಣ ಏಕೆ ಬೇಕು?

ಕೊರಿಯಾಕ್ಕೆ ನೀವು ಕೊಟ್ಟಿರುವುದು ಮೂರು ಸಾಲು. ನನ್ನ ಮಟ್ಟಿಗೆ ಅವರ ಬದುಕಿನ ಅತ್ಯಂತ ಕಠಿಣ ಕಾಲ ಅದೇ. ದಯವಿಟ್ಟು ಅಲ್ಲಿ ನಿಂತು ಬರೆಯಿರಿ. 1953ರ ಜುಲೈನಲ್ಲಿ ಕದನವಿರಾಮವಾದಾಗ ತಾಯ್ನಾಡಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಒಂದು ಕಡೆ ಇದ್ದರು; ಇನ್ನೊಂದು ಕಡೆ, ಹಾಗೆಯೇ ಮರಳಲು ಒಪ್ಪದ, ವಿಶ್ವಸಂಸ್ಥೆಯ ಪಡೆಗೆ ಸೇರಿದ್ದ 359 ಮಂದಿ. ಇವರೆಲ್ಲರ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಆಯೋಗದಲ್ಲಿ ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವಿನ ಮತ ಭಾರತದ್ದು. ದಕ್ಷಿಣ ಕೊರಿಯಾದ ಸರ್ಕಾರ ಭಾರತೀಯ ಸೈನಿಕರು ತನ್ನ ನೆಲ ತುಳಿಯಲೂ ಬಿಡಲಿಲ್ಲ. ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ನೇರವಾಗಿ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು. ಮರಳುವಂತೆ ತಾಯ್ನಾಡಿನ ಪ್ರತಿನಿಧಿಗಳು ಮನವೊಲಿಸುವ ಡೇರೆಗಳಿಗೆ ಕೈದಿಗಳನ್ನು ಬಲವಂತವಾಗಿ ಎಳೆದೊಯ್ದಿದ್ದರೆ ರಕ್ತ ಹರಿಯುತ್ತಿತ್ತು. ತಿಮ್ಮಯ್ಯನವರು ಬಲ ಬಳಸಲು ಒಪ್ಪಲಿಲ್ಲ. ಗಡುವು ಮುಗಿದಾಗ ಉಳಿದವರನ್ನು ಬಿಡುಗಡೆ ಮಾಡುವ ಅಧಿಕಾರ ಆಯೋಗಕ್ಕಿಲ್ಲ ಎಂದು 1954ರ ಜನವರಿಯಲ್ಲಿ ಅವರನ್ನು ಮೊದಲು ಹಿಡಿದಿಟ್ಟಿದ್ದ ಕಡೆಗೇ ಮರಳಿಸಿದರು. ಎರಡು ಕಡೆಯವರಿಗೂ ಅಸಮಾಧಾನ. ಬಂದೂಕು ಕೈಯಲ್ಲಿದ್ದೂ ಹಾರಿಸದೆ ತಿಂಗಳುಗಟ್ಟಲೆ ಕಾಯುವ ಸೇನಾನಿಯನ್ನು ವರ್ಣಿಸಲು ‘ಕೆಚ್ಚೆದೆ’ ಎಂಬ ಪದ ಸಾಲುವುದಿಲ್ಲ. ಹೊಸ ಪದ ಹುಡುಕುವ ಕಷ್ಟ ನೀವು ಪಡಲೇಬೇಕು.

ರಾಜೀನಾಮೆಯ ಭಾಗದಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರನ್ನು ಖಳನಾಯಕರನ್ನಾಗಿ ಮಾಡಿ ಮುಗಿಸಿದ್ದೀರಿ. ಬಡ್ತಿಗಳಲ್ಲಿ ಹಸ್ತಕ್ಷೇಪ, ಉತ್ತರದ ಗಡಿಯ ಸಿದ್ಧತೆಯ ಬಗ್ಗೆ ಭಿನ್ನಮತ ಎಲ್ಲವೂ ಇದ್ದವು, ನಿಜ. ಆದರೆ 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟ ತಿಮ್ಮಯ್ಯನವರು ನೆಹರೂ ಅವರ ಮಾತಿಗೆ ಕಟ್ಟುಬಿದ್ದು ಅದನ್ನು ಹಿಂತೆಗೆದುಕೊಂಡರು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ನೆಹರೂ, ನಾಗರಿಕ ಅಧಿಕಾರವೇ ಮೇಲು ಎಂದು ಒತ್ತಿ ಹೇಳಿದರು. ಚೀನಾ ಗಡಿಯ ಲಾಂಗ್ಜುವಿನಲ್ಲಿ ಗುಂಡಿನ ಚಕಮಕಿ ನಡೆದು ಆಗಿನ್ನೂ ಒಂದು ವಾರ. ಹಿಂತೆಗೆದುಕೊಂಡ ಮೇಲೆ ಉಳಿದ ಇಪ್ಪತ್ತು ತಿಂಗಳು ಅವರ ಮಾತಿಗೆ ಮೊದಲಿನ ಬೆಲೆ ಇತ್ತೇ? ಇರಲಿಲ್ಲ ಎಂದು ನನಗನ್ನಿಸುತ್ತದೆ. ಹಿಂತೆಗೆದುಕೊಂಡದ್ದು ತಪ್ಪಾಯಿತು ಎಂದೂ ಅನ್ನಿಸುತ್ತದೆ. ಆದರೆ ಸೈನ್ಯ ಸರ್ಕಾರಕ್ಕೆ ಸವಾಲು ಹಾಕುವ ಚಾಳಿ ಈ ದೇಶದಲ್ಲಿ ಬೆಳೆಯಲಿಲ್ಲ ಎಂಬುದನ್ನು ನೆನೆದಾಗ ನನ್ನ ಅಭಿಪ್ರಾಯವೇ ಅಲುಗಾಡುತ್ತದೆ. ನೀವು ನನ್ನನ್ನು ಒಪ್ಪಬೇಕಾಗಿಲ್ಲ. ನಿಮ್ಮದೇ ಒಂದು ನಿಲುವಿರಲಿ, ಅದಕ್ಕೆ ಆಧಾರವಿರಲಿ.

ಕೊನೆಯ ಪುಟದ ಜಯಘೋಷಗಳನ್ನೆಲ್ಲ ತೆಗೆಯಿರಿ. ನಿವೃತ್ತಿಯ ನಂತರ ಅವರು ಮತ್ತೆ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು ಸೈಪ್ರಸ್‌ನ ಶಾಂತಿಪಾಲನಾ ಪಡೆಯ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು, ಗ್ರೀಕರು ಮತ್ತು ತುರ್ಕರ ನಡುವಿನ ಜಗಳ ತಡೆಯುತ್ತಲೇ, ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ಮರುವರ್ಷ ಆ ಪುಟ್ಟ ದ್ವೀಪ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಅಷ್ಟು ಹೇಳಿ ನಿಲ್ಲಿಸಿದರೆ ಸಾಕು.

ಮತ್ತೆ ಬರೆಯುವ ಮೊದಲು ಮಡಿಕೇರಿಗೆ ಹೋಗಿ ಬನ್ನಿ. ಅವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಒಂದು ಇಡೀ ದಿನ ಅಲ್ಲಿರಿ. ಟಿಪ್ಪಣಿ ಪುಸ್ತಕವನ್ನು ಮಧ್ಯಾಹ್ನದ ತನಕ ತೆರೆಯಬೇಡಿ. ಕ್ವೆಟ್ಟಾದಲ್ಲಿ 1935ರ ಭೂಕಂಪವಾದಾಗ ಗಾಯಾಳುಗಳ ಸೇವೆಗೆ ನಿಂತ ಅವರ ಪತ್ನಿ ನೀನಾ ಅವರ ಬಗ್ಗೆಯೂ, ಕಾಶ್ಮೀರದ ಕಾರ್ಯಾಚರಣೆಯಲ್ಲಿ ಮಡಿದ ತಮ್ಮ ಸೋಮಯ್ಯನವರ ಬಗ್ಗೆಯೂ ಹುಡುಕಿ. ಕಾಶ್ಮೀರದ ಗೆಲುವಿನ ಪುಟಗಳನ್ನು ಬರೆಯುವಾಗ ಆ ತಮ್ಮನ ಸಾವು ನಿಮ್ಮ ನೆನಪಿನಲ್ಲಿರಲಿ.

ಹನ್ನೆರಡು ಪುಟ ಏಳಕ್ಕೆ ಇಳಿಯಲಿ. ಎರಡು ತಿಂಗಳು ತೆಗೆದುಕೊಳ್ಳಿ, ಅವಸರವಿಲ್ಲ. ಆರನೆಯ ಪುಟದ ಆ ವಾಕ್ಯವನ್ನು ಮಾತ್ರ ಮುಟ್ಟಬೇಡಿ. ಲೇಖನ ಅಲ್ಲಿಂದಲೇ ಶುರುವಾದರೆ ಹೇಗಿರುತ್ತದೆ ಎಂದು ಒಮ್ಮೆ ಬರೆದು ನೋಡಿ. ಹೊಸ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ