ಕಡೂರು, ಅರಸೀಕೆರೆ ಕಡೆಯ ಕೆರೆ ನೀರು, ತೆಂಗಿನ ತೋಟದ ಸ್ಥಿತಿ ಉಪಗ್ರಹ ಚಿತ್ರದಲ್ಲಿ ತಿಳಿಯುತ್ತದೆಯೇ?

ತಿಳಿಯುತ್ತದೆ. ಆದರೆ ನೀರಿನ ಹರವು ಮಾತ್ರ, ಆಳವಲ್ಲ.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಜಾಲತಾಣದಲ್ಲಿ ಉಚಿತ. ಪ್ರತಿ ಚಿತ್ರದಲ್ಲೂ ಒಂದೊಂದು ಬಗೆಯ ಬೆಳಕಿಗೆ ಒಂದೊಂದು ಪದರ ಇರುತ್ತದೆ, ಅದೇ ಬ್ಯಾಂಡ್. ಹಸಿರು ಬ್ಯಾಂಡ್ 3 (ಬಿ3), ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬ್ಯಾಂಡ್ 8 (ಬಿ8) ತೆಗೆದುಕೊಂಡು (ಬಿ3−ಬಿ8)÷(ಬಿ3+ಬಿ8) ಲೆಕ್ಕ ಹಾಕಿ. ಉತ್ತರ 0ಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ನೀರು. ಚಿತ್ರದ ಒಂದು ಚೌಕ (ಪಿಕ್ಸೆಲ್) ನೆಲದ ಮೇಲೆ 10×10 ಮೀಟರ್. ಅಂಥ 100 ಚೌಕ ಸೇರಿದರೆ 1 ಹೆಕ್ಟೇರ್.

ಮೊದಲ ಮಳೆಯ ಕೆಂಪು ನೀರು ಈ ಸೂತ್ರಕ್ಕೆ ಸಿಗದೆ ಹೋಗಬಹುದು, ಹೂಳು ಅವಕೆಂಪು ಬೆಳಕನ್ನು ವಾಪಸ್ ಕಳಿಸುತ್ತದಲ್ಲ. ಆಗ ಬಿ8 ಬದಲು ಇನ್ನೊಂದು ಅವಕೆಂಪು ಬ್ಯಾಂಡ್ ಬಿ11 ಹಾಕಿ, ಚೌಕ 20 ಮೀಟರ್ ಆದರೂ ಪರವಾಗಿಲ್ಲ. ಜೊಂಡು ಮುಚ್ಚಿದ ಕೆರೆಯಂತೂ ಹೊಲದ ಹಾಗೇ ಕಾಣುತ್ತದೆ. ಮೋಡವಿದ್ದರೆ, ಮೋಡ ತೂರಿ ನೋಡುವ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರವೇ ಗತಿ.

ತೋಟಕ್ಕೆ ಕೆಂಪು ಬ್ಯಾಂಡ್ ಬಿ4 ಬಳಸಿ (ಬಿ8−ಬಿ4)÷(ಬಿ8+ಬಿ4) ಲೆಕ್ಕ ಹಾಕಿ; ಅಂಕಿ ಹೆಚ್ಚಿದಷ್ಟೂ ಹಸಿರು ಹೆಚ್ಚು. ತೆಂಗಿನ ಸಾಲುಗಳ ನಡುವಿನ ಹುಲ್ಲು, ರಾಗಿಯೂ ಅದೇ ಚೌಕದಲ್ಲಿ ಬೀಳುವುದರಿಂದ ಮಳೆಗಾಲದ ಅಂಕಿ ನಂಬಬೇಡಿ. ಪ್ರತಿ ವರ್ಷದ ಫೆಬ್ರವರಿ–ಮಾರ್ಚ್ ಚಿತ್ರಗಳನ್ನೇ ಹೋಲಿಸಿ.

ಹಲವರು ಎಡವುವುದು ಇಲ್ಲಿ: 2022ರ ಜನವರಿ 25ರಿಂದ ಬಂದ ಸೆಂಟಿನೆಲ್-2 ಕಡತಗಳಲ್ಲಿ ಪ್ರತಿ ಬ್ಯಾಂಡಿನ ಮೌಲ್ಯಕ್ಕೆ 1000 ಸೇರಿಸಿರುತ್ತಾರೆ. ಅದನ್ನು ಕಳೆಯದಿದ್ದರೆ ಚೆನ್ನಾಗಿರುವ ತೋಟವೂ ಸೊರಗಿದಂತೆ ಕಾಣುತ್ತದೆ.