ಐಸ್ ಹಾಕಿ ತಂಡವನ್ನು ಸಾಕಬಲ್ಲ ಊರು ಯಾವುದು?

ಪ್ರಶ್ನೆ: ಅಮೆರಿಕದ ಅರಿಜೋನಾ ರಾಜ್ಯದ ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ಅತ್ಯುನ್ನತ ಐಸ್ ಹಾಕಿ ಲೀಗ್) ತಂಡ 2024ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಪಾಲಾಯಿತು. ಅರಿಜೋನಾದ ಫೀನಿಕ್ಸ್‌ನಂಥ ದೊಡ್ಡ ನಗರ ಉಳಿಸಿಕೊಳ್ಳಲಾಗದ್ದನ್ನು ಅದಕ್ಕಿಂತ ಎಷ್ಟೋ ಚಿಕ್ಕ ಊರು ಪಡೆದದ್ದು ಹೇಗೆ? (ದಾವಣಗೆರೆ)

ಉತ್ತರ: ಮರುಭೂಮಿಯಲ್ಲಿ ಐಸ್ ಹಾಕಿ ನಡೆಯುವುದಿಲ್ಲ ಎಂದು ಹಲವರು ಹೇಳುತ್ತಾರೆ. ಅದು ಕಾರಣವಲ್ಲ. ಅಷ್ಟೇ ಬಿಸಿಲಿನ ಲಾಸ್ ವೇಗಸ್‌ನಲ್ಲಿ 2017ರಲ್ಲಿ ಆಟ ಶುರುಮಾಡಿದ ತಂಡ 2023ರಲ್ಲಿ ಲೀಗ್‌ನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಫೀನಿಕ್ಸ್ ಎಡವಿದ್ದು ಕಟ್ಟಡದ ವಿಷಯದಲ್ಲಿ. 1996ರಲ್ಲಿ ಕೆನಡಾದ ವಿನಿಪೆಗ್‌ನಿಂದ ಬಂದ ತಂಡ ಮೊದಲು ಆಡಿದ್ದು ಬಾಸ್ಕೆಟ್‌ಬಾಲ್‌ಗಾಗಿ ಕಟ್ಟಿದ ಅರೇನಾದಲ್ಲಿ (ಒಳಾಂಗಣ ಕ್ರೀಡಾಂಗಣ). 2003ರ ಕೊನೆಗೆ ಪಶ್ಚಿಮದ ಗ್ಲೆಂಡೇಲ್‌ನಲ್ಲಿ ಹೊಸ ಅರೇನಾ ಸಿಕ್ಕಿತು. ಆದರೆ ಟಿಕೆಟ್ ಕೊಳ್ಳುವವರು ಹೆಚ್ಚಾಗಿ ಇದ್ದದ್ದು ಪೂರ್ವದ ಸ್ಕಾಟ್ಸ್‌ಡೇಲ್ ಕಡೆ. ವಾರದ ನಡುವೆ ಕೆಲಸ ಮುಗಿಸಿ, ಸಂಜೆಯ ಟ್ರಾಫಿಕ್‌ನಲ್ಲಿ ಇಡೀ ಊರು ದಾಟಿ, ಸೀಸನ್‌ಗೆ 41 ಬಾರಿ ಆಟಕ್ಕೆ ಬರುವವರು ಎಷ್ಟು ಜನ? 2009ರಲ್ಲಿ ತಂಡ ದಿವಾಳಿ ಅರ್ಜಿ ಹಾಕಿತು. 2022ರಲ್ಲಿ ಗ್ಲೆಂಡೇಲ್ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಆಮೇಲಿನ ಎರಡು ಸೀಸನ್ ಸುಮಾರು 4,600 ಆಸನಗಳ ವಿಶ್ವವಿದ್ಯಾಲಯದ ರಿಂಕ್‌ನಲ್ಲಿ (ಮಂಜುಗಡ್ಡೆಯ ಅಂಕಣ) ಕಳೆದವು. 2023ರ ಮೇ ತಿಂಗಳಲ್ಲಿ ಫೀನಿಕ್ಸ್ ಪಕ್ಕದ ಟೆಂಪಿ ಊರಿನ ಮತದಾರರು ಹೊಸ ಅರೇನಾ ಯೋಜನೆಯನ್ನೂ ತಿರಸ್ಕರಿಸಿದರು.

ಸಾಲ್ಟ್ ಲೇಕ್‌ನಲ್ಲಿ ಉದ್ಯಮಿ ರಯಾನ್ ಸ್ಮಿತ್ ಕೈಯಲ್ಲಿ ಬಾಸ್ಕೆಟ್‌ಬಾಲ್ ತಂಡವೂ ಇತ್ತು, ಅರೇನಾವೂ ಇತ್ತು, ಕೊಡಲು 120 ಕೋಟಿ ಡಾಲರ್ ಕೂಡ ಇತ್ತು. ಕಟ್ಟಡದ ಹಿಡಿತವಿರುವ ಮಾಲೀಕ ಊರಲ್ಲೇ ಇರುವುದು ಜನಸಂಖ್ಯೆಗಿಂತ ದೊಡ್ಡ ಬಲ. ಕಾಗದಪತ್ರದ ಮಟ್ಟಿಗೆ ಯೂಟಾದ್ದು ಹೊಸ ತಂಡ ಎಂಬುದನ್ನೂ ಗಮನಿಸಿ. ಆಟಗಾರರು ಹೋದರು, ಹಳೆಯ ತಂಡದ ಹೆಸರು, ದಾಖಲೆಗಳು ಹೋಗಲಿಲ್ಲ.

ಪ್ರಶ್ನೆ: ಬಾಸ್ಕೆಟ್‌ಬಾಲ್ ಅರೇನಾ ಇದ್ದರೆ ಮಂಜುಗಡ್ಡೆ ಹಾಸಿದರಾಯಿತು. ಹೊಸದೇಕೆ ಬೇಕು? (ಮೈಸೂರು)

ಉತ್ತರ: ಅಳತೆ ನೋಡಿ. ಬಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಚಿಕ್ಕ ಅಂಕಣಕ್ಕೆ ಒತ್ತಿಕೊಂಡಂತೆ ಆಸನ ಕಟ್ಟಿದ ಕಡೆ ರಿಂಕ್ ಹಾಸಬೇಕಾದರೆ ಎರಡೂ ತುದಿಯ ಕೆಳಗಿನ ಆಸನಗಳನ್ನು ತೆಗೆಯಬೇಕು. ಆಗ ಮೇಲಿನ ಸಾಲಿನಲ್ಲಿ ಕೂತವರಿಗೆ ತಮ್ಮ ಕೆಳಗಿರುವ ಗೋಲೇ ಕಾಣುವುದಿಲ್ಲ. ಸಾಲ್ಟ್ ಲೇಕ್‌ನ ಡೆಲ್ಟಾ ಸೆಂಟರ್‌ನಲ್ಲಿ ಮೊದಲ ಸೀಸನ್‌ಗೆ ಇಡೀ ರಿಂಕ್ ಕಾಣುವ ಆಸನಗಳು ಸುಮಾರು 11,000 ಮಾತ್ರ. 2025ರ ಬೇಸಿಗೆಯಲ್ಲಿ ಅದನ್ನು ಒಡೆದು ಸರಿಪಡಿಸುವ ಕೆಲಸ ಶುರುವಾಯಿತು. 2015ರಲ್ಲಿ ಬ್ರೂಕ್ಲಿನ್‌ಗೆ ಹೋದ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಇದೇ ತೊಂದರೆಯಿಂದ ನರಳಿತು. ಅಲ್ಲಿ ಸ್ಕೋರ್‌ಬೋರ್ಡ್ ಕೂಡ ರಿಂಕ್‌ನ ನಡುವೆ ಬರುತ್ತಿರಲಿಲ್ಲ. 2021ರಲ್ಲಿ ಹಾಕಿಗೆಂದೇ ಕಟ್ಟಿದ ಅರೇನಾ ಸೇರಿದ ಮೇಲೆಯೇ ಆ ತಂಡಕ್ಕೆ ನೆಲೆ ಸಿಕ್ಕಿದ್ದು.

ಮಂಜುಗಡ್ಡೆಯನ್ನೂ ಸುಮ್ಮನೆ ಹಾಸಲಾಗದು. ಕಾಂಕ್ರೀಟ್ ನೆಲದೊಳಗಿನ ಕೊಳವೆಗಳಲ್ಲಿ ಉಪ್ಪುನೀರು ಅಥವಾ ಗ್ಲೈಕಾಲ್ ಶೂನ್ಯಕ್ಕಿಂತ ಸಾಕಷ್ಟು ಕೆಳಗಿನ ತಾಪದಲ್ಲಿ ಹರಿಯುತ್ತಿರಬೇಕು. ಅದರ ಮೇಲೆ ನೀರನ್ನು ತೆಳು ಪದರಗಳಾಗಿ ಸಿಂಪಡಿಸಿ, ಬಿಳಿ ಬಣ್ಣ ಬಳಿದು, ಗೆರೆ ಎಳೆದು, ಮತ್ತೆ ನೀರು ಹಾಕುತ್ತಾ ಒಂದರಿಂದ ಒಂದೂಕಾಲು ಇಂಚು ದಪ್ಪ ಬರಿಸಬೇಕು. ಒಂದೇ ಸಲ ಸುರಿದರೆ ಗಾಳಿ ಗುಳ್ಳೆ ಸಿಕ್ಕಿಕೊಂಡು ಗಡ್ಡೆ ಬಿರುಕು ಬಿಡುತ್ತದೆ.

ಪ್ರಶ್ನೆ: ನಮ್ಮ ಹ್ಯೂಸ್ಟನ್‌ಗೆ ತಂಡ ಬರುವ ಸಂಭವವಿದೆಯೇ? ಇಲ್ಲಿನ ಸೆಕೆಗೆ ಮಂಜುಗಡ್ಡೆ ನಿಲ್ಲುತ್ತದೆಯೇ? (ಹ್ಯೂಸ್ಟನ್, ಅಮೆರಿಕ)

ಉತ್ತರ: ಮುಂದೆ ತಂಡ ಸಿಗಬಹುದಾದ ಊರುಗಳ ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮೂರಿನದೇ. ಎನ್‌ಎಚ್‌ಎಲ್ ತಂಡವಿಲ್ಲದ ಅಮೆರಿಕದ ಮಹಾನಗರ ಪ್ರದೇಶಗಳಲ್ಲಿ ಅತಿ ದೊಡ್ಡದು ಹ್ಯೂಸ್ಟನ್, 70 ಲಕ್ಷಕ್ಕೂ ಹೆಚ್ಚು ಜನ. ತೈಲ ಕಂಪನಿಗಳ ಕಚೇರಿಗಳಿವೆ. ಅರೇನಾದ ದುಬಾರಿ ಖಾಸಗಿ ಕೊಠಡಿಗಳನ್ನು ವರ್ಷಗಟ್ಟಲೆ ಕೊಳ್ಳುವವರು ಇಂಥ ಕಂಪನಿಗಳೇ. 2003ರಲ್ಲಿ ತೆರೆದ ಟೊಯೋಟಾ ಸೆಂಟರ್‌ನಲ್ಲಿ ಎರಡನೇ ದರ್ಜೆಯ ಲೀಗ್‌ನ ಏರೋಸ್ ತಂಡ 2013ರವರೆಗೆ ಆಡಿದೆ. ಅಂದರೆ ಅಲ್ಲಿ ಹಾಕಿ ನಡೆದು ತೋರಿಸಿದೆ. ಎನ್‌ಎಚ್‌ಎಲ್ ತಂಡವಿರುವ ಡಲ್ಲಾಸ್ ಹತ್ತಿರವಿರುವುದರಿಂದ ಪೈಪೋಟಿಯೂ ತಾನಾಗಿ ಹುಟ್ಟುತ್ತದೆ.

ಸೆಕೆಗಿಂತ ಹೆಚ್ಚು ಕಾಡುವುದು ಗಾಳಿಯ ತೇವ. ತೇವ ಹೆಚ್ಚಾದರೆ ರಿಂಕ್ ಮೇಲೆ ಮಂಜು ಕವಿಯುತ್ತದೆ, ಗಡ್ಡೆ ಮೆದುವಾಗಿ ಪಕ್ (ಆಟದ ರಬ್ಬರ್ ಬಿಲ್ಲೆ) ಪುಟಿಯತೊಡಗುತ್ತದೆ. ದೊಡ್ಡ ಸಾಮರ್ಥ್ಯದ ತೇವ ಹೀರುವ ಯಂತ್ರಗಳು ಇದಕ್ಕೆ ಪರಿಹಾರ. ಫ್ಲಾರಿಡಾದ ಎರಡು ತಂಡಗಳು ಜೂನ್ ತಿಂಗಳಲ್ಲೂ ಆಡಿ ಕಪ್ ಗೆದ್ದಿವೆ.

ಪ್ರಶ್ನೆ: ಕೆನಡಾದ ಕ್ವಿಬೆಕ್ ನಗರದವರು ಹಾಕಿಗಾಗಿ ಪ್ರಾಣ ಬಿಡುತ್ತಾರೆ ಎನ್ನುತ್ತಾರೆ. ಅವರಿಗೇಕೆ ತಂಡ ಸಿಗುತ್ತಿಲ್ಲ? (ಟೊರಾಂಟೊ)

ಉತ್ತರ: ಅವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. 2015ರಲ್ಲಿ 18,000ಕ್ಕೂ ಹೆಚ್ಚು ಆಸನಗಳ ವಿಡಿಯೋಟ್ರಾನ್ ಸೆಂಟರ್ ಕಟ್ಟಿಕೊಂಡು ಕಾದಿದ್ದಾರೆ. ತೊಡಕು ಹಣದ್ದು. ಟಿಕೆಟ್ ಮಾರುವುದು ಕೆನಡಾದ ಡಾಲರಿನಲ್ಲಿ, ಆಟಗಾರರ ಸಂಬಳ ಕೊಡುವುದು ಅಮೆರಿಕದ ಡಾಲರಿನಲ್ಲಿ. ಕೆನಡಾದ ಡಾಲರ್ 70-75 ಸೆಂಟ್‌ಗೆ ಇಳಿದರೆ, 2025-26ರ 9.55 ಕೋಟಿ ಅಮೆರಿಕ ಡಾಲರ್ ಸಂಬಳ ಮಿತಿ (ಒಂದು ತಂಡ ಆಟಗಾರರಿಗೆ ಕೊಡಬಹುದಾದ ಗರಿಷ್ಠ ಮೊತ್ತ) ಮುಟ್ಟಲು ಸುಮಾರು 13 ಕೋಟಿ ಕೆನಡಾ ಡಾಲರ್ ಬೇಕು. ಅಷ್ಟು ದುಡಿಯಲು ಅಲ್ಲಿ ದೊಡ್ಡ ಕಂಪನಿಗಳು ಕಡಿಮೆ. ಹಳೆಯ ನೋರ್ಡಿಕ್ಸ್ ತಂಡ 1995ರಲ್ಲಿ ಡೆನ್ವರ್‌ಗೆ ಹೋಗಿ ಮರುವರ್ಷವೇ ಕಪ್ ಗೆದ್ದದ್ದು ಆ ಊರಿನವರಿಗೆ ಆದ ದೊಡ್ಡ ಅನ್ಯಾಯ. ಆದರೂ ಲೆಕ್ಕ ಇನ್ನೂ ಅವರ ಪರವಾಗಿ ತಿರುಗಿಲ್ಲ.

ಪ್ರಶ್ನೆ: ಕ್ಯಾನ್ಸಸ್ ಸಿಟಿ, ಅಟ್ಲಾಂಟಾಗೆ ತಂಡ ಬರಬಹುದೇ? (ಹುಬ್ಬಳ್ಳಿ)

ಉತ್ತರ: ಕ್ಯಾನ್ಸಸ್ ಸಿಟಿಯಲ್ಲಿ 2007ರಿಂದ ಅರೇನಾ ಇದೆ, ಆದರೆ ಅದರಲ್ಲಿ ಆಡುವ ಎನ್‌ಎಚ್‌ಎಲ್ ತಂಡವಿಲ್ಲ. ಅದೇ ವರ್ಷ ಪಿಟ್ಸ್‌ಬರ್ಗ್ ತಂಡ ಅಲ್ಲಿಗೆ ಹೋಗುವ ಮಾತಾಡಿ, ಕೊನೆಗೆ ತನ್ನ ಊರಿನಲ್ಲೇ ಹೊಸ ಅರೇನಾ ಪಡೆಯಿತು. ಖಾಲಿ ಅರೇನಾ ಹೀಗೆ ಬೇರೆಯವರ ಚೌಕಾಸಿಗೆ ಬಳಕೆಯಾಗುತ್ತದೆ. ಅಟ್ಲಾಂಟಾ 1980 ಮತ್ತು 2011ರಲ್ಲಿ ಎರಡು ತಂಡ ಕಳೆದುಕೊಂಡಿದೆ. ಎರಡನೆಯದು ಆಡಿದ 11 ಸೀಸನ್‌ಗಳಲ್ಲಿ ಪ್ಲೇಆಫ್ (ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳು) ತಲುಪಿದ್ದು ಒಮ್ಮೆ ಮಾತ್ರ. ಮಾಲೀಕರು ತಮ್ಮತಮ್ಮಲ್ಲೇ ಕೋರ್ಟಿನಲ್ಲಿ ಕಾದಾಡುತ್ತಿದ್ದರು. ಪ್ರೇಕ್ಷಕರನ್ನು ಮಾತ್ರ ದೂರುವುದು ಸರಿಯಲ್ಲ.

ಪ್ರಶ್ನೆ: ಸೀಸನ್ ಟಿಕೆಟ್ ಎಷ್ಟು ಮಾರಾಟವಾದರೆ ಊರು ಸಿದ್ಧ ಎನ್ನಬಹುದು? (ಉಡುಪಿ)

ಉತ್ತರ: ಮೊದಲ ದಿನದ ಸಂಖ್ಯೆಯನ್ನು ನಂಬಬೇಡಿ. 2011ರಲ್ಲಿ ಅಟ್ಲಾಂಟಾದ ತಂಡ ಬಂದಾಗ ವಿನಿಪೆಗ್ 13,000 ಸೀಸನ್ ಟಿಕೆಟ್ ಗುರಿಯನ್ನು ಸಾರ್ವಜನಿಕ ಮಾರಾಟ ಶುರುವಾದ ಕೆಲವೇ ನಿಮಿಷಗಳಲ್ಲಿ ಮುಟ್ಟಿತು. 2023-24ರ ಹೊತ್ತಿಗೆ ಅದು 9,500ರ ಆಸುಪಾಸಿಗೆ ಇಳಿದಿತ್ತು. ಹೊಸ ಊರನ್ನು ಅಳೆಯುವಾಗ ಮೂರರಿಂದ ಐದು ವರ್ಷದ ಒಪ್ಪಂದಕ್ಕೆ ಎಷ್ಟು ಜನ ಸಹಿ ಹಾಕಿದರು, ಅದರಲ್ಲಿ ಕಂಪನಿಗಳ ಪಾಲೆಷ್ಟು ಎಂದು ಕೇಳಿ. ಮರಳಿ ಕೊಡಬಹುದಾದ ಮುಂಗಡವನ್ನು ಲೆಕ್ಕಕ್ಕೆ ಹಿಡಿಯಬೇಡಿ.